ಹದಿನೇಳನೆಯ ಫ್ಯಾನಿನ ಕೀಲಿಕೈ

ಅದಕ್ಕೆ ಸರಕಾರ ಇಟ್ಟ ಹೆಸರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಗದಗ ಸೀಮೆಯ ಜನ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳದೆ ಕಿವಿಗಂಟಿ ಅಂದರು, ಮುಗಿಯಿತು. ಎಡಗಿವಿಯ ಹಿಂದೆ, ಚರ್ಮದ ಅಡಿಯಲ್ಲಿ ಹುಣಸೆಬೀಜದಷ್ಟು ಒಂದು ಬಿಲ್ಲೆ. ಅಲ್ಲಿಂದ ಕೂದಲಿಗಿಂತ ತೆಳುವಾದ ತಂತಿಗಳು ತಲೆಬುರುಡೆಯೊಳಗೆ ಇಳಿದು ಮಿದುಳಿನ ಮಾತು ಕೇಳುತ್ತ ಕೂಡುತ್ತವೆ. ಮಿದುಳಿನ ಕೋಶಗಳು ಸಂತೆಗೆ ಬಂದ ಜನರ ಹಾಗೆ, ಒಬ್ಬೊಬ್ಬರದು ಒಂದೊಂದು ಮಾತು. ಆ ಗದ್ದಲವೇ ಆರೋಗ್ಯ. ಮೂರ್ಛೆ ಬರುವ ಮುನ್ನ ಯಾವುದೋ ಮೂಲೆಯಲ್ಲಿ ನಾಲ್ಕಾರು ಕೋಶಗಳು ಒಂದೇ ತಾಳಕ್ಕೆ ಚಪ್ಪಾಳೆ ಶುರುಮಾಡುತ್ತವೆ. ಪಕ್ಕದವು ಸೇರಿಕೊಳ್ಳುತ್ತವೆ. ಕೊನೆಗೆ ಇಡೀ ಸಂತೆಯಲ್ಲಿ ಮಾತು ನಿಂತು ಬರೀ ಚಪ್ಪಾಳೆ ಉಳಿಯುತ್ತದೆ. ಮೊದಲ ಆ ನಾಲ್ಕಾರು ಚಪ್ಪಾಳೆಯನ್ನು ಕಿವಿಗಂಟಿ ಕೇಳಿಸಿಕೊಳ್ಳುತ್ತದೆ. ಮೂರ್ಛೆಯನ್ನು ತಡೆಯಲು ಅದಕ್ಕೆ ಬರುವುದಿಲ್ಲ. ಬರುತ್ತಿದೆ ಎಂದು ಕಾಲು ಗಂಟೆ ಮೊದಲೇ ಹೇಳುತ್ತದೆ, ಅಷ್ಟೇ.

ಹೇಳುವುದು ಅದನ್ನು ಹಾಕಿಸಿಕೊಂಡವರಿಗೆ ಮಾತ್ರ ಅಲ್ಲ. ಸುತ್ತಮುತ್ತ ಇದ್ದವರ ಫೋನುಗಳೆಲ್ಲ ಒಟ್ಟಿಗೆ ಸಣ್ಣಗೆ ಗುನುಗಿ ಒಂದು ಸಾಲು ತೋರಿಸುತ್ತವೆ: ‘ನಿಮ್ಮ ಹತ್ತಿರದವರೊಬ್ಬರಿಗೆ ವಿಶ್ರಾಂತಿ ಬೇಕಾಗಿದೆ. ದೂರವಿರಿ. ಮುಟ್ಟಬೇಡಿ.’ ಬಾಯಿಗೆ ಚಮಚ ತುರುಕಿ ಹಲ್ಲು ಮುರಿದವರು, ಕೈಕಾಲು ಅದುಮಿ ಹಿಡಿದು ಮೂಳೆ ಮುರಿದವರು ನಮ್ಮಲ್ಲಿ ಕಡಿಮೆ ಏನಿರಲಿಲ್ಲ. ಅದಕ್ಕೇ ಈ ನಿಯಮ. ಉಸಿರು, ನಾಡಿ ಎಲ್ಲವನ್ನೂ ಬಿಲ್ಲೆಯೇ ನೋಡಿಕೊಳ್ಳುತ್ತದೆ. ಹೊತ್ತು ಮೀರಿದರೆ ಅದೇ ಆಸ್ಪತ್ರೆಗೆ ಕರೆ ಮಾಡುತ್ತದೆ. ಇದರ ಜೊತೆಗೆ ಒಂದು ಕಾಯ್ದೆಯೂ ಬಂತು. ಕಿವಿಗಂಟಿ ಇದ್ದವರಿಗೆ ಮೂರ್ಛೆಯ ನೆಪ ಹೇಳಿ ಯಾರೂ ಕೆಲಸ ನಿರಾಕರಿಸುವಂತಿಲ್ಲ. ಷರತ್ತು ಒಂದೇ, ಅವರಿಗೆ ಯಾರ ನೆರವೂ ಬೇಕಾಗಬಾರದು.

ನೀಲಾಂಬಿಕಾ ಹೊಂಬಳ ಆ ಷರತ್ತನ್ನು ಮೊದಲ ಸಲ ಓದಿದಾಗ ಖುಷಿಯಿಂದ ಅತ್ತಿದ್ದಳು.

ಅಳುವುದಕ್ಕೆ ಕಾರಣವಿತ್ತು. ಸೀರೆ ಅಂಗಡಿಯಲ್ಲಿ ಗಿರಾಕಿಯ ಎದುರು ಇಳಕಲ್ ಸೀರೆಯ ಸೆರಗು ಬಿಡಿಸಿ ಹಿಡಿದುಕೊಂಡೇ ಬಿದ್ದವಳು ಅವಳು. ಮಾಲೀಕ ಒಳ್ಳೆಯವನು, ಆಟೋ ಮಾಡಿಸಿ, ಬಾಳೆಹಣ್ಣು ಕೊಟ್ಟು ಕಳಿಸಿದ. ಮತ್ತೆ ಕರೆಯಲಿಲ್ಲ. ಅಂಗನವಾಡಿಯಲ್ಲಿ ತಾಯಂದಿರು ಮುಖ ಸಣ್ಣದು ಮಾಡಿದರು. ಝೆರಾಕ್ಸ್ ಅಂಗಡಿಯವನು ‘ನಿನ್ನ ಒಳ್ಳೇದಕ್ಕ ಹೇಳತೀನವಾ’ ಎಂದು ಶುರುಮಾಡಿದಾಗಲೇ ಅವಳು ಚಪ್ಪಲಿ ಮೆಟ್ಟಿಕೊಂಡಿದ್ದಳು. ಎಲ್ಲರೂ ಮರ್ಯಾದೆಯಿಂದಲೇ ಕಳಿಸಿದರು. ಬೈದು ಕಳಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ದಿನಗಳಲ್ಲಿ ಎಚ್ಚರಾದಾಗಲೆಲ್ಲ ಸುತ್ತ ಜನ ಇರುತ್ತಿದ್ದರು. ಒಬ್ಬರು ನೀರು ಚಿಮುಕಿಸುತ್ತಿದ್ದರು, ಒಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು, ಒಬ್ಬರು ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಅಂಗೈಯಲ್ಲಿ ಯಾರದೋ ಕೀಲಿಕೈ ಗೊಂಚಲು. ಕಬ್ಬಿಣ ಹಿಡಿದರೆ ಮೂರ್ಛೆ ಇಳಿಯುತ್ತದೆ ಎಂಬ ನಂಬಿಕೆ ಊರಿಗೆಲ್ಲ ಇದ್ದದ್ದೇ. ಅವಳ ಅವ್ವ ಅಂತೂ ಟ್ರಂಕಿನ ಕೀಲಿಕೈಯನ್ನು ಸೊಂಟಕ್ಕೇ ಸಿಕ್ಕಿಸಿಕೊಂಡು ಇರುತ್ತಿದ್ದಳು. ಕಬ್ಬಿಣಕ್ಕೂ ಮೂರ್ಛೆಗೂ ಸಂಬಂಧವೇ ಇಲ್ಲ, ಅದು ತನ್ನಷ್ಟಕ್ಕೆ ನಿಲ್ಲುತ್ತದೆ ಎಂದು ಓದಿ ತಿಳಿದ ನೀಲಾ ಅವ್ವನ ಜೊತೆ ಹಲ್ಲು ಕಡಿದು ಜಗಳವಾಡಿದ್ದಳು. “ಏನೂ ಆಗೂದಿಲ್ಲಂದ್ರ ಬಿಡ. ಕೈಯಾಗ ಇರಲಿ” ಎನ್ನುತ್ತಿದ್ದಳು ಅವ್ವ. ಕಿವಿಗಂಟಿ ಬರುವುದಕ್ಕೆ ಮುಂಚೆಯೇ ಅವ್ವ ಹೋಗಿಬಿಟ್ಟಳು.

ಈಗ ನೀಲಾ ಇರುವುದು ಅಣ್ಣನ ಮನೆಯಲ್ಲಿ, ಬೆಟಗೇರಿಯಲ್ಲಿ. ಕಿವಿಗಂಟಿಯ ಜೊತೆ ಬಂದ ಸೂಚನೆಯ ಕಾರ್ಡನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದವಳು ಅವಳೇ. ವೈನಿ, ಅಣ್ಣನ ಹೆಂಡತಿ ಶಶಿಕಲಾ, ಅದನ್ನು ಬಾಯಿಪಾಠ ಮಾಡಿದ್ದಳು. ಫೋನು ಗುನುಗಿದ ಕೂಡಲೇ ಒಲೆ ಆರಿಸುವಳು, ಚಾಪೆ ಹಾಸುವಳು, ಚೂಪಾದ ಸಾಮಾನು ಎತ್ತಿಡುವಳು, ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಎಚ್ಚರಾದಾಗ ತಲೆದಿಂಬಿನ ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಚಹಾ ಇರುತ್ತಿತ್ತು. ಎಳ್ಳಷ್ಟೂ ತಪ್ಪು ಹುಡುಕಲು ಜಾಗವಿರಲಿಲ್ಲ. ಚಹಾ ಬಿಸಿಯಾಗಿರುತ್ತಿತ್ತು, ಮನೆ ಮಾತ್ರ ಯಾರೂ ಇಲ್ಲದ ಹಾಗೆ ಇರುತ್ತಿತ್ತು.

ಕೆಲಸ ಸಿಕ್ಕಿದ್ದು ಊರಾಚೆ, ಗುಡ್ಡದ ಸಾಲಿನ ಬುಡದಲ್ಲಿ, ಗಾಳಿಯಿಂದ ಕರೆಂಟು ತೆಗೆಯುವ ಒಂದು ಕಂಪನಿಯ ಕಂಟ್ರೋಲ್ ರೂಮಿನಲ್ಲಿ. ಗುಡ್ಡದುದ್ದಕ್ಕೂ ನಿಂತ ದೈತ್ಯ ಗಾಳಿಯಂತ್ರಗಳಿಗೆ ಇಲ್ಲಿಯ ಜನರ ಬಾಯಲ್ಲಿ ಫ್ಯಾನು ಎಂದೇ ಹೆಸರು. ಗಾಳಿಗೆ ಸರಿಯಾಗಿ ಅವುಗಳ ರೆಕ್ಕೆ ತಿರುವುವುದು, ಬಿರುಗಾಳಿ ಎದ್ದರೆ ನಿಲ್ಲಿಸುವುದು, ರಿಪೇರಿಗೆ ಆಳು ಏರಿದಾಗ ಕಾಯುವುದು, ಇಷ್ಟು ಕೆಲಸ. ಪಾಳಿಗೆ ಇಬ್ಬರೇ, ನೀಲಾ ಮತ್ತು ಸುಪರ್‌ವೈಸರ್ ವಿರೂಪಾಕ್ಷ ಕಮತರ.

ಕಂಟ್ರೋಲ್ ರೂಮಿನ ಗೋಡೆಗೆ ಒಂದು ಕಬ್ಬಿಣದ ಬೋರ್ಡು. ಅದರಲ್ಲಿ ಒಂದೊಂದು ಫ್ಯಾನಿಗೆ ಒಂದೊಂದು ಕೀಲಿಕೈ, ಗೇಣುದ್ದದ್ದು, ಭಾರದ್ದು. ಫ್ಯಾನು ಏರುವ ಆಳು ತನ್ನ ಫ್ಯಾನಿನ ಕೀಲಿಕೈ ಕಿತ್ತು ಕಿಸೆಗೆ ಹಾಕಿಕೊಂಡೇ ಏರಬೇಕು. ಅದು ಮರಳಿ ಬೋರ್ಡಿನ ತೂತಿಗೆ ಬಂದು ಕೂಡುವ ತನಕ ಯಾರು ಏನು ಗುಂಡಿ ಒತ್ತಿದರೂ ಆ ಫ್ಯಾನು ತಿರುಗುವುದಿಲ್ಲ. “ನನ್ನ ಜೀವ ನನ್ನ ಕಿಸೆದಾಗ ಐತಿ” ಎಂದು ದಾವಲಸಾಬ ನದಾಫ ಏರುವ ಮುನ್ನ ಪ್ರತಿಸಲ ಕಿಸೆ ತಟ್ಟಿ ತೋರಿಸುತ್ತಿದ್ದ. ಕಂಪನಿಯ ಮೊದಲ ಫ್ಯಾನು ನಿಂತಾಗಿನಿಂದ ಏರುತ್ತಿದ್ದವನು. ಗಡ್ಡ ನೆರೆತಿದ್ದರೂ ಏಣಿ ಹತ್ತುವುದರಲ್ಲಿ ಹುಡುಗರು ಅವನ ಹಿಂದೆಯೇ.

ಕಿವಿಗಂಟಿ ಗುನುಗಿದರೆ ನೀಲಾ “ಕುರ್ಚಿ ಕೊಡ್ತೀನ್ರಿ” ಎನ್ನಬೇಕು. ಕಮತರ “ಕುರ್ಚಿ ತಗೊಂಡೆ” ಎನ್ನಬೇಕು. ಆಮೇಲೆ ಅವಳು ಪಡಸಾಲೆಯ ಕೊನೆಯ ವಿಶ್ರಾಂತಿ ಕೋಣೆಗೆ ಹೋಗಬೇಕು. ಮೆತ್ತನೆಯ ನೆಲ, ಮೆತ್ತನೆಯ ಗೋಡೆ, ಬಾಗಿಲಿಗೊಂದು ಚೌಕ ಗಾಜು. ಬಿದ್ದವರ ಮಾನ ಕಾಯಬೇಕೆಂದು ಕ್ಯಾಮೆರಾ ಇಟ್ಟಿರಲಿಲ್ಲ. ಅವಳಲ್ಲದೆ ಇನ್ನಾರೂ ಒಳಗೆ ಕಾಲಿಡುವಂತಿಲ್ಲ, ಇಟ್ಟವರ ಕೆಲಸಕ್ಕೇ ಕುತ್ತು.

ಆ ಕೋಣೆಯಲ್ಲಿ ಅವಳಿಗೆ ಕಷ್ಟವಾಗುತ್ತಿದ್ದದ್ದು ಮೂರ್ಛೆಯಲ್ಲ, ಅದಕ್ಕೆ ಮುಂಚಿನ ಕಾಲು ಗಂಟೆ. ಹಿಂದೆಲ್ಲ ಅದು ಹೇಳದೆ ಕೇಳದೆ ಬಂದು ಕೆಡವುತ್ತಿತ್ತು. ಹೆದರಲು ಪುರಸೊತ್ತೇ ಕೊಡುತ್ತಿರಲಿಲ್ಲ. ಈಗ ಪುರಸೊತ್ತು ಬೇಕಾದಷ್ಟು. ಬರುವ ನೆಂಟನಿಗೆ ಕಾಯುವ ಹಾಗೆ ಒಬ್ಬಳೇ ಗೋಡೆಗೊರಗಿ ಕೂಡಬೇಕು. ವಿಜ್ಞಾನಿಗಳು ಆ ಕಾಲು ಗಂಟೆಯನ್ನು ತಮ್ಮ ದೊಡ್ಡ ಗೆಲುವು ಎಂದರು. ಅದರಲ್ಲಿ ಕೂಡಬೇಕಾದವರನ್ನು ಯಾರೂ ಕೇಳಿರಲಿಲ್ಲ.

ಆದರೂ ನೀಲಾ ಚಕಾರ ಎತ್ತಲಿಲ್ಲ. ಕುರ್ಚಿ ಅವಳದು. ಇನ್ನೊಂದು ವಾರಕ್ಕೆ ಪರೀಕ್ಷಾರ್ಥ ಅವಧಿ ಮುಗಿದು ಕೆಲಸ ಕಾಯಂ ಆಗುವುದಿತ್ತು. ಕಾಯಂ ಎಂಬ ಮಾತು ಅವಳ ಜನ್ಮದಲ್ಲಿ ಮೂರ್ಛೆಯೊಂದಕ್ಕೇ ಇದುವರೆಗೆ ಒಪ್ಪಿತ್ತು.

ಅದು ಆಷಾಢ. ಗುಡ್ಡದ ಮೇಲೆ ಗಾಳಿ ಭೋರೆನ್ನುತ್ತಿತ್ತು. ದಾವಲಸಾಬ ಹದಿನೇಳನೆಯ ಫ್ಯಾನಿನ ಮೇಲೆ ಬೋಲ್ಟು ಬಿಗಿಯಲು ಏರಿದ್ದ. ಮಧ್ಯಾಹ್ನ ಕಳೆದ ಮೇಲೆ ಅವನ ದನಿ ವೈರ್‌ಲೆಸ್ಸಿನಲ್ಲಿ ಬಂತು. “ನೀಲವ್ವಾ, ಇಳದೀನಿ. ಕೀಲಿಕೈ ತಗೊಂಡು ಬರಾಕತ್ತೀನಿ. ಚಲೋ ಗಾಳಿ ಐತಿ, ಬಂದ ಕೂಡಲೇ ಬಿಟ್ಟುಬಿಡು.”

“ಆತ್ರಿ ಕಾಕಾ” ಎಂದಳು. ಹಾಗೆನ್ನುವಾಗಲೇ ಎಡಗಿವಿಯ ಹಿಂದೆ ಜೀರುಂಡೆ ಕೂಗಿದಂತಾಯಿತು. ಮೇಜಿನ ಮೇಲೆ ಕಮತರ ಫೋನು ಗುನುಗಿತು.

“ಕುರ್ಚಿ ಕೊಡ್ತೀನ್ರಿ.”

“ಕುರ್ಚಿ ತಗೊಂಡೆ. ಹುಷಾರ.” ಕಮತರ ಅವಳ ಮುಖ ನೋಡದೆ ಪರದೆಯ ಕಡೆ ತಿರುಗಿದರು. ನೋಡಿದರೆ ಅವಳಿಗೆ ಮುಜುಗರವಾದೀತು ಎಂಬುದು ಅವರ ಸಭ್ಯತೆ.

ಕೋಣೆಯ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಳು. ಹೊರಗೆ ಜೀಪು ನಿಂತ ಸದ್ದಾಯಿತು. ಪಡಸಾಲೆಯಲ್ಲಿ ಬೂಟಿನ ಹೆಜ್ಜೆ, ಆಮೇಲೆ ಒಂದು ಫೋನಿನ ಗುನುಗು, ಆಮೇಲೆ ಹೆಜ್ಜೆ ನಿಂತಿತು. ಬಾಗಿಲ ಗಾಜಿನಲ್ಲಿ ದಾವಲಸಾಬನ ಗಡ್ಡದ ಮುಖ ಕಂಡಿತು. ಹೋಗಿ ಎಂದು ಅವಳು ಕೈ ಮಾಡಿದಳು. ಬೆಲ್ಲ ಸುಟ್ಟ ವಾಸನೆ ಬಂತು. ಅದು ಎಚ್ಚರ ತಪ್ಪುವ ಮುನ್ನ ಯಾವಾಗಲೂ ಕೊನೆಗೆ ಬರುವ ವಾಸನೆ.

ಎಚ್ಚರಾದಾಗ ನಾಲಿಗೆ ಕಚ್ಚಿ ಉರಿಯುತ್ತಿತ್ತು. ತಲೆಯ ತುಂಬ ಮಬ್ಬು. ಬಲಗೈ ಮುಷ್ಟಿಯಲ್ಲಿ ತಣ್ಣಗೆ, ಭಾರವಾಗಿ ಏನೋ ಇತ್ತು. ಅವ್ವನ ಟ್ರಂಕಿನ ಕೀಲಿಕೈ ಇಷ್ಟು ದೊಡ್ಡದಿರಲಿಲ್ಲವಲ್ಲ ಎಂದುಕೊಂಡಳು. ಅವ್ವ ಸತ್ತಿದ್ದಾಳೆ ಎಂಬುದು ಆಮೇಲೆ ನೆನಪಾಯಿತು. ಕಣ್ಣು ತಿಳಿಯಾದಂತೆ ಕೀಲಿಕೈ ಮೇಲಿನ ಹದಿನೇಳು ಎಂಬ ಅಂಕಿ ಕಂಡಿತು, ಮಣಿಕಟ್ಟಿನ ಸುತ್ತ ಕಪ್ಪು ಗ್ರೀಸಿನ ಬೆರಳ ಗುರುತು ಕಂಡಿತು. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಅದುಮಿ ಹಿಡಿದದ್ದಲ್ಲ. ಜಾತ್ರೆಯ ಗದ್ದಲದಲ್ಲಿ ಮಕ್ಕಳ ಕೈ ಹಿಡಿದುಕೊಳ್ಳುತ್ತಾರಲ್ಲ, ಹಾಗೆ.

ಹೊರಗೆ ಕಮತರ ಕೂಗಾಡುತ್ತಿದ್ದರು. “ಹದಿನೇಳರ ಕೀಲಿಕೈ ಎಲ್ಲೈತಿ? ಎಂಥಾ ಗಾಳಿ ಹೊಂಟೈತಿ, ಮ್ಯಾಲಿನವರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ!”

ಅವಳು ಗೋಡೆ ಹಿಡಿದುಕೊಂಡು ಎದ್ದು ಬಾಗಿಲು ತೆರೆದು ಕೀಲಿಕೈಯನ್ನು ಮುಂದೆ ಚಾಚಿದಳು. ಕಮತರ ಬಗ್ಗಿ ಅದರ ಮೇಲಿನ ಅಂಕಿ ನೋಡಿದರು. ಅವರ ಬೆನ್ನ ಹಿಂದೆ, ಪಡಸಾಲೆಯ ಆ ತುದಿಯಲ್ಲಿ, ಒಂದು ಲೋಟ ನೀರು ಹಿಡಿದುಕೊಂಡು ದಾವಲಸಾಬ ನಿಂತಿದ್ದ. ಅವಳಿಗಾಗಿ ನೀರು ತರಲು ಹೋಗಿದ್ದವನು ಮರಳಿ ಬರುವಷ್ಟರಲ್ಲಿ ಕಮತರ ಎದ್ದು ಬಂದಿದ್ದರು. ಅವನು ಬಾಯಿ ತೆರೆಯುವುದರಲ್ಲಿದ್ದ. ಬೇಡ ಎಂದು ನೀಲಾ ತಲೆಯಾಡಿಸಿದಳು.

“ನೀಲಾ, ಇದು ನಿನ್ನ ಕೈಯಾಗ ಹ್ಯಾಂಗ ಬಂತು?”

ಅಂಗಿಯ ತೋಳನ್ನು ಮಣಿಕಟ್ಟಿನ ಕೆಳಗೆ ಎಳೆದುಕೊಂಡಳು. “ಬೋರ್ಡಿನ ಕೆಳಗ ಮೇಜಿನ ಮ್ಯಾಲ ಇತ್ತರಿ ಸರ್. ನೀವು ಪರದಿ ನೋಡೂವಾಗ ಮಬ್ಬಿನ್ಯಾಗ ಎದ್ದು ಬಂದು ನಾನ ತಗೊಂಡಿರಬೇಕು.”

ಕಮತರ ಕೀಲಿಕೈ ಇಸಿದುಕೊಂಡರು. ಅವರೂ ಒಳ್ಳೆಯವರೇ. “ಹಂಗ ಆದ್ರ ಹ್ಯಾಂಗವಾ?” ಎಂದರು ಮೆತ್ತಗೆ. “ಆ ಬೋರ್ಡು ಅಂದ್ರ ಮನಶ್ಯಾರ ಜೀವ. ಮಬ್ಬಿನ್ಯಾಗ ಅದಕ್ಕ ಕೈ ಹಾಕಾಕಿನ್ನ ಅದರ ಮುಂದ ಹ್ಯಾಂಗ ಕೂಡ್ರಸಲಿ? ನಾಳೆ ಮ್ಯಾಲಿನವರ ಕೂಡ ಮಾತಾಡಬೇಕಾಗತೈತಿ.”

ಆ ಸಂಜೆ ಮನೆಯಲ್ಲಿ ವಿಷಯ ಹೇಳಿದಳು, ಕುರ್ಚಿ ಹೋದಂತೆಯೇ ಎಂದಳು. ಅಣ್ಣ ಎಂದಿನಂತೆ “ಇರಲಿ ಬಿಡು, ಬ್ಯಾರೆ ನೋಡೂಣು” ಎಂದು ಟಿವಿಯ ಸದ್ದು ತಗ್ಗಿಸಿದ. ಬಾಳೆಹಣ್ಣು ಕೊಟ್ಟ ಮಾಲೀಕನ ನೆನಪಾಯಿತು ಅವಳಿಗೆ. ದಾವಲಸಾಬನನ್ನು ಉಳಿಸಲು ಮಬ್ಬಿನಲ್ಲಿ ಅಷ್ಟು ಸಲೀಸಾಗಿ ಕೊಟ್ಟುಬಿಟ್ಟದ್ದು ಎಂಥದ್ದು ಎಂದು ಈಗ ತಿಳಿಯುತ್ತಿತ್ತು.

ಪಾತ್ರೆ ತೊಳೆಯುವಾಗ ಬಲಗೈ ಮಣಿಕಟ್ಟಿಗೆ ನೀರು ತಾಗದ ಹಾಗೆ ನೋಡಿಕೊಂಡಳು. ವೈನಿಯ ಕಣ್ಣಿಗೆ ಅದು ಬಿತ್ತು. “ಏನದು ಕಪ್ಪ?”

“ಗ್ರೀಸ್ ವೈನಿ.”

“ಕೊಬ್ರಿ ಎಣ್ಣಿ ಹಚ್ಚಿ ತಿಕ್ಕು, ಹೋಗತೈತಿ.”

“ಇರಲಿ ಬಿಡ್ರಿ.”

ಮರುದಿನ ಕಂಟ್ರೋಲ್ ರೂಮಿನ ದೊಡ್ಡ ಪರದೆಯಲ್ಲಿ ಕೇಂದ್ರ ಕಚೇರಿಯ ಅಧಿಕಾರಿಣಿ ಬಂದರು. ನೀಲಾ ನಿನ್ನೆ ಹೇಳಿದ್ದನ್ನೇ ಹೇಳಿದಳು. ಅವಳ ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ದಾವಲಸಾಬ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಿಂತಿದ್ದ.

“ಹುಡುಗಿ ಸುಳ್ಳ ಹೇಳಾಕತ್ತಾಳ್ರಿ. ಕೀಲಿಕೈ ಆಕಿ ಕೈಯಾಗ ಇಟ್ಟಾಂವ ನಾನು. ನಿನ್ನೆನ ಹೇಳಬೇಕಾಗಿತ್ತು, ಧೈರ್ಯ ಸಾಲಲಿಲ್ಲ.”

“ನೀವು ಕೋಣೆಯ ಒಳಗೆ ಹೋದಿರಾ?” ಅಧಿಕಾರಿಣಿ ಕೇಳಿದರು.

“ಹೋದ್ನಿರಿ.”

“ಫೋನಿನಲ್ಲಿ ಸೂಚನೆ ಬಂದಿರಲಿಲ್ಲವೇ?”

“ಬಂದಿತ್ರಿ. ಮ್ಯಾಲ ಫ್ಯಾನಿನ್ಯಾಗ ಜೋಡಿದಾರನ ಕೈ ಜಾರಿತಂದ್ರ ಹಿಡೀತೀವ್ರಿ, ಸೂಚನಾ ಓದಾಕ ನಿಲ್ಲೂದಿಲ್ಲ. ಕಾಜಿನ್ಯಾಗಿಂದ ನೋಡಿದೆ. ಅಷ್ಟು ದೊಡ್ಡ ಖೋಲ್ಯಾಗ ಒಬ್ಬಾಕಿನ ಬಿದ್ದು ಒದ್ದಾಡಾಕತ್ತಿದ್ಲು. ಹೊರಗ ನಿಂತು ನೋಡೂದು ನನಗ ಬರಲಿಲ್ಲ.”

“ಫ್ಯಾನಿನ ಕೀಲಿಕೈಯನ್ನೇ ಏಕೆ ಕೊಟ್ಟಿರಿ?”

“ಕಬ್ಬಿಣ ಅಲ್ಲೇನ್ರಿ ಮತ್ತ? ನನ್ನ ಕಡೆ ಬ್ಯಾರೆ ಕಬ್ಬಿಣ ಇರಲಿಲ್ಲ.”

“ಕಬ್ಬಿಣದಿಂದ ಏನೂ ಆಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದೇವಲ್ಲ?”

“ಹೇಳೀರಿ” ಎಂದು ಅವನು ತಲೆ ತಗ್ಗಿಸಿದ. ಯಾರೂ ನಗಲಿಲ್ಲ.

ಅಧಿಕಾರಿಣಿ ನೀಲಾಳ ಕಡೆ ತಿರುಗಿದರು. ದನಿಯಲ್ಲಿ ಗಡಸಿರಲಿಲ್ಲ. “ನೀಲಾಂಬಿಕಾ, ಹಾಗಾದರೆ ಬೋರ್ಡಿಗೆ ನೀವು ಕೈ ಹಾಕಿಲ್ಲ. ನಿಮ್ಮ ಕುರ್ಚಿಗೆ ತೊಂದರೆ ಇಲ್ಲ. ಆದರೆ ನಿಮಗೆ ಇನ್ನೊಬ್ಬರು ನೆರವಾಗಿದ್ದಾರೆ ಎಂದಾಯಿತು. ಕಾಯ್ದೆಯ ಪ್ರಕಾರ ಒಂದು ಮಾತು ಕೇಳಲೇಬೇಕು. ಆ ನೆರವು ನಿಮಗೆ ಬೇಕಿತ್ತೇ?”

ಬೇಕಿತ್ತು ಎಂದರೆ ಕೆಲಸ ಹೋಯಿತು. ಬೇಕಿರಲಿಲ್ಲ ಎಂದರೆ ದಾವಲಸಾಬ ಸುಮ್ಮನೆ ನಿಯಮ ಮುರಿದವನಾದ. ಕೀಲಿಕೈ ಇಲ್ಲದಿದ್ದರೂ ಮೂರ್ಛೆ ಇಳಿಯುತ್ತಿತ್ತು, ಉಸಿರು ತಾನಾಗಿಯೇ ಸರಿಹೋಗುತ್ತಿತ್ತು. ಬಿಲ್ಲೆಯ ದಾಖಲೆ ನೋಡಿದ ಯಾವ ಡಾಕ್ಟರೂ ಅದನ್ನೇ ಹೇಳುತ್ತಿದ್ದ. ಅವಳು ದಾವಲಸಾಬನನ್ನು ನೋಡಿದಳು. ನಿನ್ನೆ ಅವಳು ತಲೆಯಾಡಿಸಿದ್ದಳಲ್ಲ, ಇವತ್ತು ಅವನು ಹೇಳು, ಹೇಳಿಬಿಡು ಎನ್ನುವಂತೆ ಗೋಣು ಹಾಕಿದ.

“ಬೇಕಿರಲಿಲ್ಲ ಮೇಡಮ್” ಎಂದಳು ನೀಲಾ. ದನಿ ನಡುಗಲಿಲ್ಲ. ನಡುಗಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿತು.

ಅವಳ ಕೆಲಸ ಕಾಯಂ ಆಯಿತು. ದಾವಲಸಾಬನನ್ನು ಏರುವ ಕೆಲಸದಿಂದ ತೆಗೆದು ಕೆಳಗೆ ಉಗ್ರಾಣಕ್ಕೆ ಹಾಕಿದರು. ವಿಶ್ರಾಂತಿ ಕೋಣೆಯ ಬಾಗಿಲಿಗೆ ಹೊಸ ಬೀಗ ಬಂತು. ಕಿವಿಗಂಟಿ ಗುನುಗಿ ಅವಳು ಒಳಗೆ ಹೋದ ಕೂಡಲೇ ಅದು ತಾನಾಗಿ ಹಾಕಿಕೊಳ್ಳುತ್ತದೆ, ಎಚ್ಚರಾಗಿ ಎದ್ದ ಮೇಲೆ ತಾನಾಗಿ ತೆರೆದುಕೊಳ್ಳುತ್ತದೆ. ಗಾಜಿಗೆ ಒಳಗಿನದು ಕಾಣದ ಹಾಗೆ ಬಿಳಿ ಕಾಗದ ಅಂಟಿಸಿದರು.

ಉಗ್ರಾಣಕ್ಕೆ ಹೋಗುವ ದಿನ ದಾವಲಸಾಬ ಅಂಗಳದಲ್ಲಿ ನಿಂತು ತಿರುಗುತ್ತಿದ್ದ ಹದಿನೇಳನೆಯ ಫ್ಯಾನನ್ನು ನೋಡುತ್ತಿದ್ದ. ನೀಲಾ ಹತ್ತಿರ ಹೋದಳು. ಏನು ಹೇಳಬೇಕೆಂದು ರಾತ್ರಿಯಿಡೀ ಮಾತು ಹೊಂದಿಸಿಕೊಂಡು ಬಂದಿದ್ದಳು.

“ಖರೇನ ಹೇಳಿದಿ ಬಿಡವಾ” ಎಂದ ಅವನೇ. “ಬೇಕಿರಲಿಲ್ಲ.” ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. “ಕೈಗೆ ಹತ್ತಿದ ಗ್ರೀಸ್ ಹೋತೇನು? ಕೈ ಒರಸ್ಕೊಳ್ಳಾಕ ಆಗಿರಲಿಲ್ಲ ನನಗ.”

“ಹೋತ್ರಿ ಕಾಕಾ.”

ನಿಜಕ್ಕೂ ಅದು ಅಷ್ಟರಲ್ಲಿ ಹೋಗಿತ್ತು. ಎಷ್ಟು ಜೋಪಾನ ಮಾಡಿದರೂ ಗ್ರೀಸು ಎಷ್ಟು ದಿನ ಉಳಿದೀತು? ಕಾಯಂ ಆದ ಕುರ್ಚಿಯಲ್ಲಿ ಕೂತು ಅವಳು ಫ್ಯಾನುಗಳನ್ನು ತಿರುಗಿಸಿದಳು, ನಿಲ್ಲಿಸಿದಳು. ಕಮತರ ಬೆನ್ನು ತಟ್ಟಿದರು. ಅಣ್ಣ ಪೇಢೆ ಹಂಚಿದ. ನೀಲಾಳ ಕೈಹಿಡಿದು ಅಭಿನಂದಿಸಿದವರು ಬಹಳ ಜನ. ಬೇಕಾದಾಗ ಹಿಡಿಯುವವರು ಮಾತ್ರ ಇನ್ನು ಯಾರೂ ಇರಲಿಲ್ಲ, ಯಾರೂ ಬೇಕಿಲ್ಲ ಎಂದು ಕಂಪನಿಯ ಎದುರು ಒಪ್ಪಿಕೊಂಡವಳು ಅವಳೇ.

ಅದಾದ ಮೇಲಿನ ಒಂದು ಭಾನುವಾರ. ವೈನಿ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನೀಲಾ ಹೊಸ್ತಿಲಲ್ಲಿ ಕೂತು ಕೂಸಿಗೆ ಅನ್ನ ಉಣಿಸುತ್ತಿದ್ದಳು. ಕಿವಿಯ ಹಿಂದೆ ಜೀರುಂಡೆ ಕೂಗಿತು. ಕಿಟಕಿಯಲ್ಲಿಟ್ಟಿದ್ದ ವೈನಿಯ ಫೋನು ಗುನುಗಿತು. ರೊಟ್ಟಿ ಬಡಿಯುವ ಸದ್ದು ನಿಂತಿತು.

ಶಶಿಕಲಾ ಒಲೆ ಆರಿಸಿದಳು. ಚಾಪೆ ಹಾಸಿದಳು. ಈಳಿಗೆ ಎತ್ತಿಟ್ಟಳು. ಕೂಸನ್ನು ಕಂಕುಳಿಗೆ ಎತ್ತಿಕೊಂಡು ಒಳಕೋಣೆಯ ಬಾಗಿಲ ತನಕ ಹೋದಳು. ಎಲ್ಲವೂ ಕಾರ್ಡಿನಲ್ಲಿ ಇದ್ದ ಹಾಗೆ.

“ವೈನಿ” ಎಂದಳು ನೀಲಾ ಚಾಪೆಯ ಮೇಲಿಂದ. “ಹೋಗಬ್ಯಾಡ್ರಿ.”

ವೈನಿ ಹೆದರಿ ತಿರುಗಿದಳು. “ಯಾಕ? ಏನರ ಬ್ಯಾರೆ ಆಗಾಕತ್ತೈತೇನು? ಆಸ್ಪತ್ರಿಗೆ ಫೋನ್ ಹಚ್ಚಲೇನು?”

“ಏನೂ ಆಗಿಲ್ಲ. ಕೂಸಿನ್ನ ತೊಟ್ಟಿಲದಾಗ ಹಾಕಿ ಬರ್ರಿ. ಬರೂವಾಗ ಅವ್ವನ ಟ್ರಂಕಿನ ಕೀಲಿಕೈ ತಗೊಂಡು ಬರ್ರಿ.”

ಶಶಿಕಲಾ ಗೋಡೆಯ ಕಾರ್ಡನ್ನೊಮ್ಮೆ, ನಾದಿನಿಯನ್ನೊಮ್ಮೆ ನೋಡಿದಳು. “ಅದರಿಂದ ಏನೂ ಆಗೂದಿಲ್ಲಂತ ನೀನ ಹೇಳಿದ್ಯಲ್ಲ ನೀಲಾ? ಮುಟ್ಟಬಾರದಂತನೂ ನೀನ ಹೇಳಿದ್ದಿ.”

“ಹೌದ್ರಿ. ಏನೂ ಆಗೂದಿಲ್ಲ.” ನೀಲಾಳ ಕಣ್ಣು ತುಂಬಿ ಬಂದವು. “ತಗೊಂಡು ಬರ್ರಿ.”

ವೈನಿ ಒಳಗೆ ಹೋದಳು. ತೊಟ್ಟಿಲು ಕಿರುಗುಟ್ಟಿತು. ಯಾವುದೋ ಡಬ್ಬಿ ತೆಗೆದು, ಯಾವುದನ್ನೋ ಮುಚ್ಚಿ, ಹುಡುಕಾಡುವ ಸದ್ದು ಬಹಳ ಹೊತ್ತು ಕೇಳಿತು. ಕಾಲು ಗಂಟೆ ಮೊದಲ ಸಲ ಸಣ್ಣದೆನಿಸಿತು. ಬೆಲ್ಲ ಸುಟ್ಟ ವಾಸನೆ ಇನ್ನೇನು ಬರಬೇಕು ಎನ್ನುವಷ್ಟರಲ್ಲಿ ಶಶಿಕಲಾ ಬಂದು, ಸೀರೆ ಸರಿಮಾಡಿಕೊಂಡು, ಚಾಪೆಯ ಅಂಚಿನಲ್ಲಿ ಕೂತಳು. ಕೈತುಂಬ ಜೋಳದ ಹಿಟ್ಟು, ಹಿಟ್ಟಿನ ನಡುವೆ ತುಕ್ಕು ಹಿಡಿದ ಕೀಲಿಕೈ. ಈ ಮನೆಗೆ ಬಂದಾಗಿನಿಂದ ಅವಳು ಇಂಥ ಕೆಲಸ ಮಾಡಿದವಳೇ ಅಲ್ಲ.

“ಯಾವ ಕೈಯಾಗ ಕೊಡಬೇಕು?” ಎಂದು ಕೇಳಿದಳು.

ಅವ್ವ ಅದನ್ನು ಹೇಳಿರಲಿಲ್ಲ, ನೀಲಾ ಎಂದೂ ಕೇಳಿರಲಿಲ್ಲ. ಎರಡೂ ಕೈ ಚಾಚಿದಳು.